ಪ್ರಾರ್ಥನೆಯ ರೇಟು

ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ತೆಂಗಿನಕಾಯಿಗೆ ಕೊರತೆಯೇ ಇರಲಿಲ್ಲ. ತೆಂಗಿನ ಮರ ಒಂದೂ ಇರಲಿಲ್ಲ; ನೆಡಲು ನೆಲವೂ ಇರಲಿಲ್ಲ. ಅಷ್ಟೂ ಕಾಯಿ ನನ್ನ ಗಂಟಲಿನಿಂದ ಉದುರಿದವು. ಹೆಂಡತಿ ಚಟ್ನಿಗೆ ಕಾಯಿ ತುರಿಯುತ್ತ, "ಇದು ಎಲ್ಲೀದು? ಚನ್ನಗಿರಿ ಗೊಬ್ಬರದಂಗಡೀದೋ, ಜಗಳೂರು ದನದ ಆಸ್ಪತ್ರೇದೋ?" ಎಂದು ಕೇಳುತ್ತಿದ್ದಳು. ರುಚಿ ನೋಡಿ ಊರು ಹೇಳುವಷ್ಟು ನಾನು ಪಳಗಿದ್ದೆ. ಮೈಸೂರಿನಲ್ಲಿ ವರ್ಷಗಟ್ಟಲೆ ತಂಬೂರಿಯ ಮುಂದೆ ಕೂತು ಸಂಪಾದಿಸಿದ ಸಂಗೀತದ ಡಿಗ್ರಿಗೆ ನಮ್ಮ ಸೀಮೆ ಕಟ್ಟಿದ ಬೆಲೆ ಇಷ್ಟು: ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ಎಷ್ಟೋ ಸಲ ಹಣ್ಣು ಒಂದೇ.

ನಗಬೇಡಿ. ನನಗೆ ಇವತ್ತಿಗೂ ಸಿಟ್ಟಿದೆ. ಆರಿದ ಮೇಲೆ ಬರೆಯೋಣವೆಂದು ಇಷ್ಟು ದಿನ ಕಾದೆ. ಆರಲಿಲ್ಲ. ಬಿಸಿಯಾಗಿಯೇ ಬಡಿಸುತ್ತೇನೆ, ಊದಿಕೊಂಡು ಉಣ್ಣಿ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಏನೇ ಶುರುವಾಗಲಿ, ಪ್ರಾರ್ಥನೆಯಿಲ್ಲದೆ ಆಗುತ್ತಿರಲಿಲ್ಲ. ವಾಲಿಬಾಲ್ ಪಂದ್ಯಕ್ಕೆ ಪ್ರಾರ್ಥನೆ, ಹಿಟ್ಟಿನ ಗಿರಣಿಗೆ ಪ್ರಾರ್ಥನೆ, ಬಸ್ ನಿಲ್ದಾಣದ ಮೂತ್ರಾಲಯಕ್ಕೂ ಪ್ರಾರ್ಥನೆ. ಒಮ್ಮೆ ಕುಟುಂಬ ಯೋಜನೆ ಶಿಬಿರಕ್ಕೆ ಕರೆದರು. ಅಲ್ಲಿ ಯಾವ ದೇವರನ್ನು ಹಾಡುವುದು? ನಮ್ಮ ದೇವರುಗಳೆಲ್ಲ ಸಂಸಾರವಂದಿಗರು. ಯೋಚಿಸಿ ಯೋಚಿಸಿ ಸರಸ್ವತಿಯನ್ನು ಹಾಡಿ ಬಂದೆ. ಆಕೆಗೆ ಮಕ್ಕಳ ಗದ್ದಲ ಇದ್ದದ್ದನ್ನು ನಾನು ಕೇಳಿಲ್ಲ. ಅಲ್ಲೂ ಕಾಯಿ ಕೊಟ್ಟರು.

ಇಷ್ಟಕ್ಕೂ ನನ್ನ ಸಿಟ್ಟು ಬಡತನದ ಮೇಲಲ್ಲ. ದುಡ್ಡಿಲ್ಲದವರ ಮನೆಯಲ್ಲಿ ಪುಕ್ಕಟೆ ಹಾಡಿದ್ದೇನೆ, ಈಗಲೂ ಹಾಡುತ್ತೇನೆ. ಆದರೆ ಅದೇ ಸಮಾರಂಭದಲ್ಲಿ ಶಾಮಿಯಾನ ಕಟ್ಟಿದವನಿಗೆ ದುಡ್ಡು, ಕುರ್ಚಿ ತಂದವನಿಗೆ ದುಡ್ಡು, ಫೋಟೋ ಹೊಡೆದವನಿಗೆ ದುಡ್ಡು, ಉಪ್ಪಿಟ್ಟು ಕೆದಕಿದವನಿಗೆ ದುಡ್ಡು, ಮಂತ್ರ ಹೇಳಿದವರಿಗೆ ದಕ್ಷಿಣೆ. ಹಾಡಿದವನಿಗೆ ಮಾತ್ರ, "ಸರಸ್ವತಿ ಒಲಿದಾಳೆ ಬಿಡ್ರಿ ನಿಮಗೆ!" ಸರಸ್ವತಿ ಒಲಿದವನಿಗೆ ಹಸಿವಾಗುವುದಿಲ್ಲವೆಂದು ಇವರಿಗೆ ಯಾರು ಹೇಳಿದರೋ. ದೇವರ ಹಾಡಿಗೆ ಬೆಲೆ ಕಟ್ಟಬಾರದಂತೆ. ದೇವರ ಮೂರ್ತಿ ಕೆತ್ತಿದವನಿಗೆ ಕೊಡುತ್ತೀರಿ, ದೇವರ ಗುಡಿ ಕಟ್ಟಿದವನಿಗೆ ಕೊಡುತ್ತೀರಿ. ಹಳೆಯ ಕಾಲದ ಶಾಸನಗಳನ್ನು ಓದಿ ನೋಡಿ: ಗುಡಿಯಲ್ಲಿ ವಾದ್ಯ ನುಡಿಸುವವರಿಗೆ ಗದ್ದೆ ಬಿಟ್ಟ ಸಂಗತಿ ಕಲ್ಲಿನ ಮೇಲೆ ಕೊರೆದಿದೆ. ಆ ದಾನಕ್ಕೆ ಅಳುಪಿದವನಿಗೆ, ಅಂದರೆ ಅದನ್ನು ಕೆಡಿಸಿದವನಿಗೆ, ಕೊನೆಯಲ್ಲಿ ಒಂದು ಶಾಪವೂ ಇದೆ. ಆ ಶಾಪ ಈಗಲೂ ಜಾರಿಯಲ್ಲಿದ್ದರೆ ನಮ್ಮ ಕಡೆಯ ಊರುಗಳಲ್ಲಿ ಸ್ವಾಗತ ಸಮಿತಿಗಳೇ ಉಳಿಯುತ್ತಿರಲಿಲ್ಲ.

ಈ ಸಿಟ್ಟು ನನ್ನೊಬ್ಬನದಲ್ಲ, ನಮ್ಮಪ್ಪನಿಂದ ಬಂದದ್ದು. ಅಷ್ಟು ಹಿಂದಕ್ಕೆ ಹೋಗದೆ ಮಾತು ಪೂರ್ತಿಯಾಗುವುದಿಲ್ಲ.

ನಮ್ಮದು ಉಬ್ರಾಣಿ ಕಡೆಯ ಒಂದು ಕೇರಿ. ನಮ್ಮಜ್ಜ ಊರಿನ ಹಲಗೆ ಬಡಿಯುತ್ತಿದ್ದ. ಹಲಗೆ ಎಂದರೆ ಕಾಯಿಸಿ ಬಡಿಯುವ ಚರ್ಮದ ವಾದ್ಯ. ಹಬ್ಬಕ್ಕೆ ಅವನೇ, ಡಂಗುರಕ್ಕೆ ಅವನೇ, ಹೆಣದ ಮುಂದೆಯೂ ಅವನೇ. ಜ್ವರ ಬಂದಿದೆ, ಬರಲಾರೆ ಎನ್ನುವಂತಿರಲಿಲ್ಲ. ಇದಕ್ಕೆ ಕೂಲಿಯೆಂದರೆ ಸುಗ್ಗಿಯಲ್ಲಿ ಸಿಗುವ ಆಯ. ಕಣದ ಹೊರಗೆ ಮೊರ ಒಡ್ಡಿ, ಸೊಂಟ ಬಗ್ಗಿಸಿ ನಿಲ್ಲಬೇಕು. ರಾಶಿ ಅಳೆದಾದ ಮೇಲೆ ತಳದಲ್ಲಿ ಉಳಿದ ಮಣ್ಣುಬೆರೆತ ಜೋಳವನ್ನು ದೂರದಿಂದ ಸುರಿಯುತ್ತಿದ್ದರು. ಅಜ್ಜ ಸತ್ತ ವರ್ಷ ಊರವರು ಅಪ್ಪನನ್ನು ಕರೆದರು. ಅಪ್ಪ ಹಲಗೆಯನ್ನು ಅಟ್ಟಕ್ಕೆ ಎಸೆದು, "ಇನ್ನು ನಮ್ಮನ್ಯಾಗೆ ಯಾರೂ ಬಡಿಯಲ್ಲ" ಎಂದುಬಿಟ್ಟ. ಆ ಒಂದು ಮಾತಿಗೆ ಊರಲ್ಲಿ ಅವನಿಗೆ ಕೂಲಿ ತಪ್ಪಿತು. ದಿನಾ ಪಕ್ಕದೂರಿಗೆ ನಡೆದು ದುಡಿದ. ನನ್ನನ್ನು ಚನ್ನಗಿರಿಯ ಸರ್ಕಾರಿ ಹಾಸ್ಟೆಲಿಗೆ ಸೇರಿಸಿದ.

ಹಾಸ್ಟೆಲಿನಲ್ಲಿ ಬೆಳಗಿನ ಪ್ರಾರ್ಥನೆ ನನ್ನದೇ. ನೋಡಿ, ಆಗಲೇ ಶುರುವಾಗಿತ್ತು ಈ ಪೀಡೆ! ವಾರ್ಡನ್ನರು ನನ್ನ ಗಂಟಲು ಮೆಚ್ಚಿ, ಮೈಸೂರಿನಲ್ಲಿ ಸಂಗೀತಕ್ಕೂ ಡಿಗ್ರಿ ಇದೆ, ವಿದ್ಯಾರ್ಥಿವೇತನವೂ ಸಿಗುತ್ತದೆ ಎಂದರು. ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಬೀಡಿ ಆರಿಸಿದ.

"ಆ ಹಲಗೆ ಹೆಗಲಿಂದ ಇಳಿಸಾಕೆ ನನ್ನ ಅರ್ಧ ಆಯಸ್ಸು ಹೋತು. ನೀನು ಓದಿ ಓದಿ ಮತ್ತೆ ಬಡಿಯಾಕೆ ಹೋಗ್ತೀಯೇನಲೇ?"

"ಬಡಿಯಾಕಲ್ಲಪ್ಪ. ಹಾಡಾಕೆ."

"ಹಾಡಿದ್ರೆ ದುಡ್ಡು ಕೊಡ್ತಾರೇನು?"

"ಡಿಗ್ರಿ ಕೊಡ್ತಾರೆ."

"ಡಿಗ್ರಿ ತಗಂಡು ಹೋದ್ರೆ ದುಡ್ಡು ಕೊಡ್ತಾರೇನು?"

"ಕೊಡ್ತಾರೆ" ಎಂದೆ. ಹದಿಹರೆಯದ ಹುಡುಗ, ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವ ವಯಸ್ಸು. ಅಪ್ಪ ನಂಬಿದ. ಈ ಒಂದು "ಕೊಡ್ತಾರೆ" ಆಮೇಲೆ ಎಷ್ಟೋ ವರ್ಷ ನನ್ನ ಬೆನ್ನಿಗೆ ಕೂತಿತ್ತು.

ಮೈಸೂರಿನ ಮೊದಲ ದಿನ ಅಧ್ಯಾಪಕರು ಒಬ್ಬೊಬ್ಬರನ್ನೇ "ಮನೆಯಲ್ಲಿ ಯಾರು ವಿದ್ವಾಂಸರು?" ಎಂದು ಕೇಳುತ್ತ ಬಂದರು. ಉಳಿದವರಿಗೆ ತಾತ ಇದ್ದರು, ಸೋದರತ್ತೆ ಇದ್ದರು, ಅವರಿಗೆ ಅರಮನೆಯ ಶಾಲು ಇತ್ತು. ನಾನು, "ನಮ್ಮಜ್ಜ ಹಲಗೆ ಬಡೀತಿದ್ದ, ಸಾರ್" ಎಂದೆ. ಹುಡುಗರು ನಕ್ಕರು. ಅಧ್ಯಾಪಕರು ನಗದೆ ಕನಿಕರದಿಂದ ನೋಡಿದರು; ನಕ್ಕಿದ್ದರೇ ವಾಸಿಯಿತ್ತು. ಕೆಲವು ತಿಂಗಳ ಮೇಲೆ ಮೂರರ ಲೆಕ್ಕದ ತಿಶ್ರ ನಡೆ ಹೇಳಿಕೊಡುವಾಗ, ಉಳಿದವರು ಬೆರಳೆಣಿಸುತ್ತಿದ್ದರೆ ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ಓಡಿತು. "ಎಲ್ಲಿ ಕಲಿತೆಯೋ?" ಎಂದರು. "ಅಜ್ಜನ ಜೊತೆ ಹೆಣದ ಮುಂದೆ, ಸಾರ್" ಎಂದೆ. ಆಮೇಲೆ ಯಾರೂ ಕನಿಕರ ತೋರಿಸಲಿಲ್ಲ.

ಡಿಗ್ರಿ ಬಂತು, ಮೊದಲ ದರ್ಜೆಯಲ್ಲಿ. ನಮ್ಮ ವಂಶದಲ್ಲಿ ಹೆಸರಿನ ಪಕ್ಕ ಇಂಗ್ಲಿಷ್ ಅಕ್ಷರ ಹಾಕಿಕೊಂಡ ಮೊದಲನೆಯವನು ನಾನು. ಅದನ್ನು ಮನೆ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದೆ. ಬಾಗಿಲು ಗಿಡ್ಡ, ಹೆಸರು ಉದ್ದ. ಕೊನೆಯ ಅಕ್ಷರ ಗೋಡೆಗೆ ಹೋಯಿತು. ಈಗ ನಗಬಹುದು. ಆದರೆ ಆ ಅಕ್ಷರದ ಮೇಲೆ ನನಗೆ ಇದ್ದ ಹೆಮ್ಮೆಯನ್ನು ನೋಡಿ ನೀವು ನಗುವುದಾದರೆ ಈ ಪುಟ ಇಲ್ಲಿಗೇ ಮುಚ್ಚಿ.

ಹೆಮ್ಮೆ ಬಾಗಿಲಲ್ಲಿತ್ತು, ಬೆಲೆ ಎಲ್ಲೂ ಇರಲಿಲ್ಲ. ಹೆಣ್ಣು ಕೇಳಲು ಹೋದಾಗ ಅವರು "ಹುಡುಗ ಏನು ಓದ್ಯಾನೆ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಸೋದರಮಾವ "ಬಿ.ಎ." ಎಂದು, ನನ್ನ ಕಾಲು ತುಳಿದ. ಹೊರಗೆ ಬಂದ ಮೇಲೆ, "ಸಂಗೀತ ಅನ್ನೋದು ಮದುವೆ ಆದಮ್ಯಾಲೆ ಹೇಳಿದ್ರಾತು ಬಿಡು, ರೋಗ ಇದ್ದಂಗೆ" ಎಂದು ಸಮಾಧಾನ ಹೇಳಿದ. ಹೊನ್ನಾಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅರೆಕಾಲಿಕ ಮೇಷ್ಟ್ರಾದೆ. ವಾರದಲ್ಲಿ ನನ್ನವೆಂದು ಬರೆದಿದ್ದ ಪಿರಿಯಡ್ಡುಗಳನ್ನು ಗಣಿತದವರು, "ಪೋರ್ಷನ್ ಮುಗಿದಿಲ್ಲ, ಇದೊಂದು ಕೊಡ್ರಿ" ಎಂದು ಒಯ್ಯುತ್ತಿದ್ದರು. ಗಣಿತದವರು ಬಿಟ್ಟದ್ದನ್ನು ವಿಜ್ಞಾನದವರು. ಗಣಿತದ ಪೋರ್ಷನ್ ಲೋಕ ಹುಟ್ಟಿದಾಗಿನಿಂದ ಮುಗಿದಿಲ್ಲ. ಸಂಗೀತದ್ದು ಶುರುವೇ ಆಗಿಲ್ಲವಾದ್ದರಿಂದ ಮುಗಿಯುವ ಮಾತಿಲ್ಲ. ಸಂಬಳವೂ ಹಾಗೆಯೇ ಇತ್ತು.

ಜಗಳೂರಿನಲ್ಲಿ ಪೂರ್ತಿ ಕೆಲಸ ಖಾಲಿಯಿದೆಯೆಂದು ತಿಳಿದು ಸಂದರ್ಶನಕ್ಕೆ ಹೋದೆ. ಆಡಳಿತ ಮಂಡಳಿಯ ಅಧ್ಯಕ್ಷರು ನನ್ನ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಾಡಾಕೆ ಇಷ್ಟು ವರ್ಷ ಓದ್ಬೇಕೇನ್ರಿ? ನಮ್ಮ ಆಳು ಎತ್ತು ಹೊಡ್ಕಂತನೇ ಹಾಡ್ತಾನೆ."

"ಹಂಗಾದ್ರೆ ಅವನನ್ನೇ ನೇಮಿಸ್ಕಳ್ರಿ" ಎಂದೆ.

"ಅವನಿಗೆ ಕೊಡೋ ಕೂಲಿ ನಿಮಗೆ ಕೊಟ್ರೆ ಒಪ್ತೀರೇನು?" ಎಂದರು. ಎಲ್ಲರೂ ನಕ್ಕರು. ಕೆಲಸ ಸಿಗಲಿಲ್ಲ. ಆದರೆ ಬಂದದ್ದು ಬಂದಿದ್ದೀರಿ, ಸಂಜೆ ನಮ್ಮ ದನದ ಆಸ್ಪತ್ರೆಯ ಉದ್ಘಾಟನೆಗೆ ಒಂದು ಪ್ರಾರ್ಥನೆ ಹೇಳಿ ಹೋಗಿ ಎಂದರು! ಹೇಳಿದೆನೋ ಇಲ್ಲವೋ ಎಂದು ಕೇಳಬೇಡಿ. ಆ ಕಾಯಿಯ ಚಟ್ನಿಯ ಸುದ್ದಿ ಮೊದಲೇ ಬಂದಿದೆ.

ಆ ದಿನ ಬಸ್ಸಿನಲ್ಲಿ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನಿರ್ಧಾರ ಮಾಡಿದೆ: ದುಡ್ಡಿದ್ದವರು ಕರೆದಲ್ಲಿ ಇನ್ನು ಪುಕ್ಕಟೆ ಹಾಡುವುದಿಲ್ಲ. ಇಪ್ಪತ್ತೈದು ರೂಪಾಯಿ. ನಮ್ಮ ಕಡೆ ಮೈಕ್‌ಸೆಟ್ಟಿನ ಬಾಡಿಗೆ ಅದರ ಎರಡರಷ್ಟಕ್ಕೂ ಮೇಲಿತ್ತು. ಮೈಕ್‌ಸೆಟ್ಟಿನ ಬುಡೇನ್ ಸಾಬರು ನನಗೆ ಸ್ನೇಹಿತರು. ಯಾವ ಸಭೆಗೆ ಹೋದರೂ ನಾವಿಬ್ಬರೇ ಎಲ್ಲರಿಗಿಂತ ಮೊದಲು ಬಂದವರು. ಅವರು ತಂತಿ ಸುತ್ತುತ್ತ, "ಅರೆ ಮೇಷ್ಟ್ರೇ, ನನ್ನ ಮಷೀನು ಒಂದನೇ ಕ್ಲಾಸೂ ಓದಿಲ್ಲ. ಆದ್ರೂ ಬಾಡಿಗೆ ಐತೆ ನೋಡ್ರಿ ಅದಕ್ಕೆ!" ಎಂದು ಕೆಣಕುತ್ತಿದ್ದರು.

ನ್ಯಾಮತಿಯಿಂದ ಕರೆ ಬಂತು. ಒಂದು ಸಂಘದ ಹೊಸ ಕಟ್ಟಡ, ಮಂತ್ರಿಗಳು ಬರುವವರು. ಸಂಘದ ಹೆಸರು ಬೇಡ. ಈಗ ಆ ಸಂಘವೂ ಇಲ್ಲ. ಅದರ ಕಾರ್ಯದರ್ಶಿ ಸೈಕಲ್ಲಿನಲ್ಲಿ ಸ್ಕೂಲಿಗೇ ಬಂದರು. ನಾನು ರೇಟು ಹೇಳಿದೆ. ಮನುಷ್ಯ ಸೈಕಲ್ಲಿನ ಸ್ಟ್ಯಾಂಡು ಮತ್ತೆ ಹಾಕಿದ.

"ಪ್ರಾರ್ಥನೆಗೆ ದುಡ್ಡಾ? ದೇವರ ಹಾಡಿಗೆ ದುಡ್ಡು ಕೇಳ್ತೀರೇನ್ರಿ?"

"ದೇವರ ಹತ್ರ ಕೇಳ್ತಾ ಇಲ್ಲ. ನಿಮ್ಮ ಹತ್ರ ಕೇಳ್ತಿದೀನಿ."

"ನಾಲ್ಕಕ್ಷರ ಕಲಿತ ಕೂಡ್ಲೆ ನಿಮ್ಮೋರಿಗೆ..." ಎಂದು ಶುರುಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. "ನಿಮ್ಮೋರಿಗೆ" ಎಂದರೆ ಸಂಗೀತದವರಿಗೆ ಎಂದು ಅರ್ಥ ಮಾಡಿಕೊಳ್ಳುವಷ್ಟು ದಡ್ಡ ನಾನಲ್ಲ. "ಆತು ಬಿಡ್ರಿ, ಬುಡೇನ್ ಸಾಬರ ಹತ್ರ ಗ್ರಾಮಫೋನ್ ಪ್ಲೇಟ್ ಐತೆ, ಅದೇ ಹಾಕಿಸ್ತೀವಿ" ಎಂದು ಹೊರಟರು.

ಸಂಕಟ ಅದಲ್ಲ. ಮಂತ್ರಿಗಳ ಮುಂದೆ ಮಗ ಹಾಡುತ್ತಾನೆಂಬ ಸುದ್ದಿ ಯಾರಿಂದಲೋ ಅಪ್ಪನಿಗೆ ಮೊದಲೇ ಹೋಗಿತ್ತು. ಸಭೆಯ ದಿನ ನಾನು ಅವನನ್ನು ತಡೆಯಲೆಂದೇ ನ್ಯಾಮತಿಗೆ ಹೋದರೆ, ಒಗೆದ ಪಂಚೆ ಉಟ್ಟು ಶಾಮಿಯಾನದ ಹಿಂದಿನ ಸಾಲಿನಲ್ಲಿ ಆಗಲೇ ನಿಂತಿದ್ದ. ಪಕ್ಕದವರಿಗೆ, "ಈಗ ಹಾಡೋನು ನನ್ನ ಮಗ. ಡಿಗ್ರಿ ಮಾಡ್ಯಾನೆ, ಅದರಾಗೇ" ಎಂದು ಹೇಳಿಯೂ ಆಗಿತ್ತು. ನಾನು ಹತ್ತಿರ ಹೋಗಿ ನಿಂತೆ.

"ಮ್ಯಾಲೆ ಹೋಗಲ್ಲೇನೋ?"

"ದುಡ್ಡು ಕೇಳಿದ್ದೆ. ಬ್ಯಾಡ ಅಂದ್ರು. ಪ್ಲೇಟ್ ಹಾಕ್ತಾರಂತೆ."

ಅಪ್ಪ ಪಕ್ಕದವರಿಗೆ ಬೆನ್ನಾಗಿ ನಿಂತ. "ಕೊಡ್ತಾರೆ" ಎಂದಿದ್ದೆನಲ್ಲ, ಆ ಮಾತು ನಮ್ಮಿಬ್ಬರ ನಡುವೆ ಮೂರನೆಯವನ ಹಾಗೆ ನಿಂತಿತ್ತು.

ಮಂತ್ರಿಗಳು ಬಂದರು. ಬುಡೇನ್ ಸಾಬರು ಪರದೆಯ ಹಿಂದೆ ಪ್ಲೇಟು ಸಜ್ಜುಮಾಡಿ, ಕೊನೆ ಗಳಿಗೆಯಲ್ಲಿ ಉಸಿರು ಕಟ್ಟಿದ ಒಂದು ಹಾರ್ನ್ ಸರಿಮಾಡಲು ಬೇವಿನ ಮರ ಹತ್ತಿದ್ದರು. ಮಂತ್ರಿಗಳ ಜೀಪು ಕಂಡ ಕೂಡಲೇ ಪೊಲೀಸಿನವನು, "ಪ್ರಾರ್ಥನೆ ಮುಗಿಯೋ ತನಕ ಮರದ ಮ್ಯಾಲಿಂದ ಕದಲಬ್ಯಾಡ" ಎಂದು ಲಾಠಿ ತೋರಿಸಿದ. ಹೀಗಾಗಿ ಮಷೀನು ಕೆಳಗೆ, ಒಡೆಯ ಮೇಲೆ. ಕಾರ್ಯದರ್ಶಿಯೇ ಮುಳ್ಳು ಇಳಿಸಿದರು. "ಈಗ ಪ್ರಾರ್ಥನೆ" ಎಂದದ್ದೇ ಎಲ್ಲರೂ ಎದ್ದು, ಕಣ್ಣು ಮುಚ್ಚಿ, ಕೈ ಮುಗಿದರು. ಹಂಸಧ್ವನಿಯಲ್ಲಿ ಗಣೇಶನ ಮೇಲಿನ ಒಂದು ಕೀರ್ತನೆ. ಪಲ್ಲವಿ ಆಯಿತು, ಮುಂದಿನ ಚರಣಕ್ಕೆ ಬಂತು, "ವಿಘ್ನವ ಕಳೆ" ಎಂದಿತು. "ವಿಘ್ನವ ಕಳೆ, ವಿಘ್ನವ ಕಳೆ, ವಿಘ್ನವ ಕಳೆ..." ಎನ್ನತೊಡಗಿತು.

ಪ್ಲೇಟಿಗೆ ಗೀರು ಬಿದ್ದಿತ್ತು. ಸಿನಿಮಾ ಹಾಡಾಗಿದ್ದರೆ ಮೂರನೆಯ ಸಲಕ್ಕೆ ಜನ ಸಿಳ್ಳೆ ಹಾಕುತ್ತಿದ್ದರು. ಇದು ಶಾಸ್ತ್ರೀಯ ಸಂಗೀತ. ಅದರಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾರೆಂಬುದಷ್ಟೇ ಎಲ್ಲರಿಗೂ ಗೊತ್ತು. ಎಷ್ಟು ಸಲವೆಂದು ಯಾರಿಗೂ ಗೊತ್ತಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಧೈರ್ಯವೂ ಯಾರಿಗೂ ಇಲ್ಲ. ಮಂತ್ರಿಗಳು ಮೆಲ್ಲಗೆ ತಲೆದೂಗಿದರು. ಅವರು ತೂಗಿದ್ದನ್ನು ಅರೆಗಣ್ಣಿನಲ್ಲಿ ಕಂಡು ಅಧಿಕಾರಿಗಳು ತೂಗಿದರು. ಅದನ್ನು ಕಂಡು ಊರಿನ ಮುಖಂಡರು ತೂಗಿದರು. ಬೇವಿನ ಮರದಿಂದ ಬುಡೇನ್ ಸಾಬರು ಎರಡೂ ಕೈ ಆಡಿಸುತ್ತಿದ್ದರು. ಭಕ್ತಿ ಹೆಚ್ಚಾಗಿದೆ ಎಂದುಕೊಂಡರೇನೋ. ವಿಘ್ನ ಕಳೆಯಲಿಲ್ಲ. ಸಭೆಯಲ್ಲಿ ಅಷ್ಟು ಜನರ ನಡುವೆ ಕೆಳಗೆ ನಿಂತವರಲ್ಲಿ ನಾನೊಬ್ಬ ಮಾತ್ರ ಇದು ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಸಂಗತಿಯಲ್ಲ, ಗೀರು ಎಂದು ಬಲ್ಲವನು. ಸುಮ್ಮನೆ ಕೈ ಮುಗಿದು ನಿಂತೆ. ಅಷ್ಟು ಸುಖವಾದ ಪ್ರಾರ್ಥನೆಯನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ.

"ಕಾಲು ನೋಯ್ತಾವೆ. ಯಾವಾಗ ಮುಗೀತೈತಲೇ ಇದು?" ಅಪ್ಪ ಪಿಸುಗುಟ್ಟಿದ.

"ಮುಗಿಯಲ್ಲಪ್ಪ" ಎಂದೆ.

ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಕಾರ್ಯದರ್ಶಿ ಸಾಲುಗಳ ನಡುವೆ ನುಸುಳಿ ಬಂದರು. "ಮೇಷ್ಟ್ರೇ, ಇದು... ಸರಿಯಾಗೈತೇನ್ರಿ? ಹಿಂಗೇ ಇರ್ತೈತಾ? ಮುಳ್ಳು ಎತ್ತಿಬಿಡ್ಲಾ?"

"ಎತ್ರಿ. ಪ್ರಾರ್ಥನೆ ಅರ್ಧಕ್ಕೆ ಕಡಿದುಬಿತ್ತು ಅಂತಾರೆ. ಹೊಸ ಕಟ್ಟಡ, ಮಂತ್ರಿಗಳು ಬೇರೆ."

ಅವರ ಮುಖ ಬಿಳಚಿತು. "ಮತ್ತೆ ಹೆಂಗ್ ಮಾಡಾದು?"

"ಇಪ್ಪತ್ತೈದು ರೂಪಾಯಿ" ಎಂದೆ.

ದೇವರ ಹಾಡಿಗೆ ದುಡ್ಡೇ ಎಂದು ಈ ಸಲ ಕೇಳಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿ, ಇದ್ದ ನೋಟುಗಳನ್ನು ಅಲ್ಲೇ ಅಪ್ಪನ ಮುಂದೆಯೇ ನನ್ನ ಕೈಗಿಟ್ಟರು. ನಾನು ಪರದೆಯ ಹಿಂದೆ ಹೋದೆ. ಸಾಬರು ಮೈಕ್ ಟೆಸ್ಟಿಂಗ್ ಹೇಳುವ ಮೈಕು ಮಷೀನಿನ ಪಕ್ಕದಲ್ಲೇ ಇತ್ತು. ಪ್ಲೇಟಿನ ಶ್ರುತಿ ಹಿಡಿದೆ. ಒಂದು "ವಿಘ್ನವ ಕಳೆ"ಗೂ ಮುಂದಿನದಕ್ಕೂ ನಡುವೆ ಪ್ಲೇಟಿನ ದನಿಯ ಗುಂಡಿ ಇಳಿಸಿ, ಮೈಕಿನದನ್ನು ಏರಿಸಿ, ಅದೇ ಶ್ರುತಿಯಲ್ಲಿ ಅದೇ ಸಾಲನ್ನು ಎತ್ತಿಕೊಂಡೆ. ಎರಡು ಸಂಗತಿ ಹಾಕಿ, ಮೇಲಿನ ಷಡ್ಜ ಮುಟ್ಟಿ, ಪಲ್ಲವಿಗೆ ಇಳಿಸಿ ಮುಗಿಸಿದೆ. ಪಿಟೀಲು ಮೃದಂಗ ಎಲ್ಲಿ ಹೋದವೆಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ನಿಟ್ಟುಸಿರಿಟ್ಟು ಕೂತರು. ಮಂತ್ರಿಗಳು ಭಾಷಣದಲ್ಲಿ, "ಇಂಥ ಒಳ್ಳೆಯ ಪ್ಲೇಟನ್ನು ಆರಿಸಿದ ಕಾರ್ಯದರ್ಶಿಗಳ ಅಭಿರುಚಿ ದೊಡ್ಡದು" ಎಂದರು. ಚಪ್ಪಾಳೆ.

ಅದಕ್ಕೆ ಸಿಟ್ಟು ಬರಲಿಲ್ಲವೇ ಎಂದರೆ ಬಂತು. ಮೈಯೆಲ್ಲ ಉರಿಯಿತು. ದುಡ್ಡು ಕೊಟ್ಟರೆ ಹೆಸರು ಕೊಡುವುದಿಲ್ಲ, ಹೆಸರು ಕೊಟ್ಟರೆ ದುಡ್ಡು ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟರೆ ಇವರ ಗಂಟೇನು ಹೋಗುತ್ತಿತ್ತು? ಮರದಿಂದ ಇಳಿದ ಬುಡೇನ್ ಸಾಬರು ಮೊಣಕೈ ತರಚಿಕೊಂಡೇ ನನ್ನನ್ನು ತಬ್ಬಿ, "ಮೇಷ್ಟ್ರೇ, ನನ್ನ ಪ್ಲೇಟಿಗಿಂತ ನೀವೇ ಗಟ್ಟಿ" ಎಂದರು. ಆ ಊರಿನಲ್ಲಿ ಆ ದಿನ ನನಗೆ ಸಿಕ್ಕ ಸನ್ಮಾನ ಅದೊಂದೇ.

ಬಸ್ಸು ಬರುವುದಕ್ಕೆ ಹೊತ್ತಿತ್ತು. ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿ ಅಪ್ಪನ ಕೈಗೆ ಕೊಟ್ಟೆ. ಪ್ಲೇಟೇ ಹಾಡಿತೆಂದು ಅವನೂ ತಿಳಿದಿರಬಹುದು, ತಿಳಿಯಲಿ, ಏನು ಹೇಳುವುದು ಎಂದುಕೊಂಡೆ.

"ಕಡೀಗೆ ಹಾಡಿದ್ದು ನೀನೇ" ಎಂದ.

"ಹೆಂಗ್ ಗೊತ್ತಾತು?"

"ನಿನ್ನ ಗಂಟ್ಲು ನನಗೆ ಗೊತ್ತಾಗಲ್ಲೇನೋ? ಎಲ್ಲಾರೂ ಕಣ್ಣು ಮುಚ್ಚಿದ್ರು. ನಾನು ಮುಚ್ಚಿರಲಿಲ್ಲ." ಮೆಣಸಿನಕಾಯಿ ಖಾರಕ್ಕೋ ಏನೋ ಮೂಗು ಒರೆಸಿಕೊಂಡ. "ನಮ್ಮಪ್ಪ ಬಗ್ಗಿ ಇಸ್ಕಂತಿದ್ದ. ನೀನು ನೆಟ್ಟಗೆ ನಿಂತ್ಕಂಡು ಇಸ್ಕಂಡೆ. ನೋಡಿದೆ" ಎಂದ.

ನಾನು ರಸ್ತೆ ನೋಡಿದೆ. ಅಪ್ಪ ಮಂಡಕ್ಕಿಯ ಕೊನೆಯ ಹಿಡಿಯನ್ನು ಬಾಯಿಗೆ ಹಾಕಿಕೊಂಡು, ಕಾಗದ ಮುದುರಿ ಎಸೆದ.

"ಆ ಮೈಕಿನೋನಿಗೆ ಎಷ್ಟು ಕೊಟ್ರಂತೆ?"

"ಅರವತ್ತು."

"ಅವನು ಮರದ ಮ್ಯಾಲಿದ್ದ!" ಅಪ್ಪನಿಗೆ ನಿಜವಾದ ಸಿಟ್ಟು ಬಂದದ್ದು ಆಗ. "ಇಪ್ಪತ್ತೈದು ಕೇಳಾಕೆ ಅಷ್ಟು ವರ್ಷ ಓದಿದ್ಯೇನಲೇ?"

ಅಂದಿನಿಂದ ನನ್ನ ರೇಟು ಅರವತ್ತು. ಕಾಯಿ ಬೇರೆ.